ಅರದ ಹಲ್ಲು ಉಳಿದ ಚೂರಿ

ಬಲಗೈ ಮಣಿಕಟ್ಟು ನೋಯುತ್ತಿಲ್ಲ, ಊದಿಲ್ಲ, ಸುಟ್ಟಿಲ್ಲ. ಆದರೂ ಎದ್ದಾಗಿನಿಂದ ಅದನ್ನೇ ಉಜ್ಜಿಕೊಳ್ಳುತ್ತಿದ್ದೇನಲ್ಲ ಎಂಬುದು ಡೆಲಿಮಾ ದುರೋಷೆ ತಮ್ಮೊಳಗೆ ತಾವೇ ಒಪ್ಪಿಕೊಂಡಿರುವ ಸಣ್ಣ ಚಿಂತೆ. ಯಾರಾದರೂ ನೋಡಿ, ಯಾಕೆ ಎಂದು ಕೇಳಿಬಿಟ್ಟರೆ ಏನು ಹೇಳುವುದು? ಕೇಳುವವರು ಯಾರೂ ಇಲ್ಲ. ಕುಲುಮೆಯ ಕೊಟ್ಟಿಗೆಯಲ್ಲಿ ಆಕೆಯೊಬ್ಬರೇ. ಆದರೂ ಅಂಗಿಯ ತೋಳನ್ನು ಕೆಳಗೆಳೆದು ಮಣಿಕಟ್ಟು ಮುಚ್ಚಿಕೊಳ್ಳುತ್ತಾರೆ.

ಉತ್ತರದ ಸರೋವರದ ದಂಡೆಯ ಸಾಂ-ತಿಬೋದಲ್ಲಿ ಡಿಸೆಂಬರಿನ ಬೆಳಗು ನಿಧಾನ. ಎಣ್ಣೆ ಪೀಪಾಯಿ ಕತ್ತರಿಸಿ ಮಾಡಿಕೊಂಡ ಒಲೆಯಲ್ಲಿ ಬರ್ಚ್ ಸೌದೆ ಹೊತ್ತಿಕೊಂಡಿದೆ. ಬೂದಿಯೊಳಗೆ ರಾತ್ರಿಯಿಡೀ ಹೂತಿಟ್ಟಿದ್ದ ಹಳೆಯ ಅರವೊಂದನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ, ಅಡೆಗಲ್ಲಿನ ಮೇಲಿಟ್ಟು, ಸುತ್ತಿಗೆ ಎತ್ತುತ್ತಾರೆ. ಅಷ್ಟರಲ್ಲಿ ಹೊರಗೆ ಸರೋವರ ಸದ್ದು ಮಾಡುತ್ತದೆ. ಟಿಣ್. ಸುತ್ತಿಗೆ ಗಾಳಿಯಲ್ಲೇ ನಿಲ್ಲುತ್ತದೆ.

ಹೊಸ ಮಂಜುಗಡ್ಡೆ ದಪ್ಪವಾಗುವ ಕಾಲದಲ್ಲಿ ಹೀಗೇ. ಚಳಿ ಬಿಗಿದಂತೆಲ್ಲ ಅದು ಬಿರಿಯುತ್ತದೆ. ಒಮ್ಮೆ ತಂತಿ ಮೀಟಿದ ಹಾಗೆ, ಒಮ್ಮೆ ದೂರದಲ್ಲಿ ಯಾರೋ ಬಾಗಿಲು ಎಳೆದುಕೊಂಡ ಹಾಗೆ. ಇಲ್ಲಿನ ಮಕ್ಕಳು ಆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಾರೆ. ಡೆಲಿಮಾ ಕೂಡ ಐವತ್ತೆಂಟು ಚಳಿಗಾಲ ಹಾಗೇ ಮಲಗಿದವರು. ಈ ವಾರ ಮಾತ್ರ ಒಂದೊಂದು ಸದ್ದಿಗೂ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿದೆ. ಸುತ್ತಿಗೆ ಕೆಳಗಿಡುತ್ತಾರೆ. ಅರ ಬಿಸಿಯಾರಿ ಮತ್ತೆ ಕಪ್ಪಾಗುತ್ತದೆ.

ಡೆಲಿಮಾ ಮಾಡುವುದು ತುಪ್ಪುಳದ ವ್ಯಾಪಾರದ ಕಾಲದ ಚೂರಿಗಳನ್ನು. ಬೀವರ್ ತೊಗಲು ತುಂಬಿದ ದೋಣಿಗಳು ಈ ಹೊಳೆಗಳಲ್ಲಿ ಓಡಾಡುತ್ತಿದ್ದಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಂಥವು. ಈಟಿಯ ಮೊನೆಯಂಥ ಅಗಲ ಅಲಗಿನದು, ತೊಗಲು ಸುಲಿಯುವ ಉಬ್ಬು ಹೊಟ್ಟೆಯದು, ಎಲ್ಲಕ್ಕಿಂತ ಹೆಚ್ಚಾಗಿ ಡೊಂಕುಚೂರಿ. ಅದರ ತುದಿ ಬೆರಳು ಮಡಿಸಿದ ಹಾಗೆ ಬಾಗಿರುತ್ತದೆ. ಹಿಡಿಯುವಾಗ ಅಂಗೈ ಮೇಲ್ಮುಖ. ಅದನ್ನು ಮರದ ಮೇಲೆ ಮುಂದಕ್ಕೆ ತಳ್ಳುವುದಿಲ್ಲ, ಎದೆಯ ಕಡೆಗೆ ಎಳೆದುಕೊಳ್ಳುತ್ತಾರೆ. ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಪಾವುಗೆಯ ಚೌಕಟ್ಟು, ದೋಣಿಯ ಪಕ್ಕೆಲುಬು, ಜಾರುಬಂಡಿಯ ಹಲಗೆ, ಎಲ್ಲಕ್ಕೂ ಅದೊಂದೇ ಸಾಕು.

ಉಕ್ಕು ಮಾತ್ರ ಎಂದೂ ಹೊಸದಲ್ಲ. ಮುಚ್ಚಿಹೋದ ಗರಗಸದ ಗಿರಣಿಯ ಅರಗಳು, ಮುರಿದ ಗರಗಸದ ತುಂಡು, ಲಾರಿಯ ಸ್ಪ್ರಿಂಗ್ ಪಟ್ಟಿ, ಹಾಳುಬಿದ್ದ ಗುಡಿಸಲುಗಳಲ್ಲಿ ತುಕ್ಕು ಹಿಡಿದು ನೇತಾಡುವ ಬೋನುಗಳು. ಡೆಲಿಮಾ ಊರಿನ ಕಸದ ಗುಡ್ಡೆಯ ಕಡೆ ಹೊರಟರೆಂದರೆ ಜನ ತಮ್ಮ ಗಾಡಿಯನ್ನು ಒಳಗೆ ನಿಲ್ಲಿಸಿಕೊಳ್ಳುತ್ತಾರೆ ಎಂಬುದು ಇಲ್ಲಿನ ಹಳೆಯ ತಮಾಷೆ.

"ಹೊಸ ಉಕ್ಕು ಪ್ಯಾಕೆಟ್ಟಿನಲ್ಲಿ ಬರತ್ತೆ, ಅದರ ಹುಟ್ಟು ಯಾವ್ದು ಅಂತ ಪ್ಯಾಕೆಟ್ಟೇ ಹೇಳತ್ತೆ," ಎನ್ನುತ್ತಾರೆ ಆಕೆ. "ಹಳೇದಕ್ಕೆ ಒಂದೇಟು ಹಾಕಿ ಕೇಳ್ಬೇಕು. ಕೇಳಿದ್ರೆ ಸುಳ್ಳು ಹೇಳಲ್ಲ ಅದು."

ಈ ಕೆಲಸ ಕಲಿಸಿದ್ದು ಮುಶೂಮ್, ಅಂದರೆ ತಾತ, ಜೆಫಿರಾಂ. ಮಿಷನ್ನಿನ ಕುಲುಮೆಯಲ್ಲಿ ಕುದುರೆ ಲಾಳ ಬಡಿಯುತ್ತಿದ್ದವರು. ಮೊಮ್ಮಕ್ಕಳಲ್ಲಿ ತಿದಿಯೊತ್ತಲು ಬೇಸರಪಡದವಳು ಡೆಲಿಮಾ ಒಬ್ಬಳೇ. ಅಲ್ಲಿ ಯಾರೂ ಮಾತಾಡು ಎಂದು ಒತ್ತಾಯ ಮಾಡುತ್ತಿರಲಿಲ್ಲ ಎಂಬುದೇ ಅವಳಿಗೆ ಆ ಜಾಗ ಹಿಡಿಸಲು ಕಾರಣ. ತಾತ ಹೇಳಿದ್ದು ಕೆಲವೇ ಮಾತು. ಅದರಲ್ಲೊಂದು: ಕೆಂಪಗೆ ಕಾದ ಅಲಗನ್ನು ತಣಿಸಲು ಅದ್ದುವಾಗ ಇಕ್ಕಳವನ್ನು ಗಟ್ಟಿಯಾಗಿ ಹಿಡಿಯಬಾರದು. ಉಕ್ಕು ಬಿರಿದರೆ ಕಿವಿಗಿಂತ ಮುಂಚೆ ಮಣಿಕಟ್ಟಿಗೆ ತಿಳಿಯುತ್ತದೆ.

ತಾತ ಹೋದಮೇಲೆ ಸುತ್ತಿಗೆ ಕೈಗೆತ್ತಿಕೊಂಡಾಗ ಗಂಡಸರು ನಕ್ಕರು. ಡೆಲಿಮಾಳ ಚೂರಿ ರೊಟ್ಟಿಗೆ ಕೊಬ್ಬು ಸವರೋಕೆ ಸರಿಹೋಗತ್ತೆ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವರು ವಿತಾಲ್ ಮೊರಾನ್, ಅಕ್ಕ ಒಲಿವೀನಳ ಗಂಡ. ಹಾಗೆಂದವರೇ ಆಕೆಯ ಮೊದಲ ಡೊಂಕುಚೂರಿಯನ್ನು ಚಳಿಗಾಲದ ಬೇಟೆಗೆ ಸರೋವರದಾಚೆಯ ಕಾಡಿನ ತಮ್ಮ ಗುಡಿಸಲಿಗೆ ಒಯ್ದರು. ವಸಂತದಲ್ಲಿ ವಾಪಸು ಬಂದು, ಹೊಗೆಗೆ ಕಟ್ಟಿದ ಮೀನಿನ ದೊಡ್ಡ ಗಂಟೊಂದನ್ನು ಮೇಜಿನ ಮೇಲಿಟ್ಟು ಹೋದರು. ಅಂದಿನಿಂದ ಅವರ ಕೈಯಲ್ಲಿ ಬೇರೆಯವರ ಚೂರಿ ಕಂಡವರಿಲ್ಲ. ಒಲಿವೀನ್ ತೀರಿಕೊಂಡು ಎಷ್ಟೋ ವರ್ಷವಾಯಿತು. ಭಾವ ಮಾತ್ರ ಪ್ರತಿ ಚಳಿಗಾಲಕ್ಕೆ ಮುಂಚೆ ಬಂದು ಒಲೆ ಪಕ್ಕ ಕೂತು, ಚಹಾ ಕುಡಿದು, ನಾದಿನಿಯನ್ನು ನಾಲ್ಕು ಮಾತು ಹಂಗಿಸಿ, ಚೂರಿ ತೆಗೆದುಕೊಂಡು ಹೋಗುತ್ತಾರೆ.

ಬದುಕು ಚೂರಿಯಿಂದಲೇ ನಡೆದಿದ್ದಲ್ಲ. ಮೀನು ಕಾರ್ಖಾನೆ ಇದ್ದಷ್ಟು ವರ್ಷ ಅಲ್ಲಿ ಮೀನು ಸೀಳಿದರು. ಅದು ಮುಚ್ಚಿದಮೇಲೆ ಶಾಲೆಯ ನೆಲ ಒರೆಸಿದರು, ಈಗಲೂ ಒರೆಸುತ್ತಾರೆ. ಮಿಕ್ಕ ಹೊತ್ತೆಲ್ಲ ಕೊಟ್ಟಿಗೆ. ವಾರಕ್ಕೊಂದು ಚೂರಿ ಮುಗಿದರೆ ಅದೇ ಹೆಚ್ಚು. ಮುಂಗೈ ತುಂಬ ಕಿಡಿ ಹಾರಿದ ಚುಕ್ಕೆಗಳು. ಎಡಗಿವಿ ಸುತ್ತಿಗೆಯ ಪಾಲಾಗಿದೆ. "ಬ್ಲಾಂಡಿನ್ ಎಡಗಡೆ ಬಂದು ಮಾತಾಡಿದ್ರೆ ನಂಗೆ ರಜಾ," ಎಂದು ಊರಿನ ರೇಡಿಯೋದ ಬ್ಲಾಂಡಿನ್ ಬಗ್ಗೆ ಆಕೆ ಹೇಳುವುದುಂಟು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಈಚಿನ ವರ್ಷಗಳಲ್ಲಿ ದಕ್ಷಿಣದ ಪಟ್ಟಣಗಳಿಂದಲೂ ಕೇಳಿಕೊಂಡು ಬರುತ್ತಾರೆ. ಹಳೆಯ ಕೋಟೆಗಳಲ್ಲಿ ಬೇಸಿಗೆಯಲ್ಲಿ ಅಂದಿನ ಉಡುಪು ತೊಟ್ಟು ಬಿಡಾರ ಹೂಡುವವರು, ವಸ್ತುಸಂಗ್ರಹಾಲಯದವರು. ಅವರಿಗೆ ಒಂದೇ ಹಟ. ಚೂರಿಯ ಬೆನ್ನಿನ ಮೇಲೆ ಅರದ ಹಲ್ಲಿನ ಗೀರು ಹಾಗೇ ಉಳಿದಿರಬೇಕು. ಹಳೆಯ ಅರದಿಂದ ಮಾಡಿದ್ದು ಎಂದು ನೋಡಿದ ಕೂಡಲೇ ತಿಳಿಯಬೇಕು. ಮುಶೂಮ್ ಆ ಗೀರನ್ನೆಲ್ಲ ಸಾಣೆಕಲ್ಲಿಗೆ ಹಿಡಿದು ನುಣ್ಣಗೆ ಮಾಡುತ್ತಿದ್ದರು, ಯಾಕೆಂದರೆ ಬಿರುಕು ಹುಟ್ಟುವುದೇ ಆ ಗೀರಿನ ತಳದಲ್ಲಿ. ಗೀರು ಉಳಿಸಲೇಬೇಕಾದರೆ ಬೆಚ್ಚಗಿನ ಕರಡಿ ಕೊಬ್ಬಿನಲ್ಲಿ ಅದ್ದಬೇಕು, ತಣ್ಣೀರು ಮುಟ್ಟಿಸಬಾರದು. ಗೋಡೆಗೆ ನೇತುಹಾಕುವ ಚೂರಿಗೆ ಡೆಲಿಮಾ ಗೀರು ಬಿಡುತ್ತಾರೆ, ಕೊಬ್ಬಿಗೆ ಅದ್ದುತ್ತಾರೆ. ಮರ ಕೆತ್ತುವ ಚೂರಿಗೆ ಬಿಡುವುದಿಲ್ಲ. ಹೀಗೆ ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡು ಬಂದಿದ್ದರು, ಕಳೆದ ಮಂಗಳವಾರದವರೆಗೆ.

ಆ ಮಂಗಳವಾರದ ಸಂಗತಿಯನ್ನು ಆಕೆ ಯಾರಿಗೂ ಹೇಳಿಲ್ಲ. ತಮಗೆ ತಾವೇ ಹೇಳಿಕೊಳ್ಳುವಾಗಲೂ ಅರ್ಧಕ್ಕೆ ನಿಲ್ಲಿಸಿಬಿಡುತ್ತಾರೆ.

ಗಿರಣಿಯ ಉದ್ದನೆಯ ಅರವೊಂದನ್ನು ಎರಡು ತುಂಡು ಮಾಡಿ ಎರಡು ಡೊಂಕು ಅಲಗು ಬಡಿದಿದ್ದರು, ಒಂದು ವಸ್ತುಸಂಗ್ರಹಾಲಯಕ್ಕೆ, ಇನ್ನೊಂದು ಭಾವನಿಗೆ. ಭಾವನ ಅಲಗಿನ ಗೀರು ತೆಗೆಯುವುದು ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಚಳಿ ಒಮ್ಮೆಲೇ ಬಿಗಿಯಿತು, ಸರೋವರ ಗಾಡಿ ತಡೆಯುವಷ್ಟು ಹೆಪ್ಪುಗಟ್ಟಿತು, ವಿತಾಲ್ ಹೇಳಿದ ದಿನಕ್ಕಿಂತ ಮುಂಚೆಯೇ ಹಿಮದ ಮೋಟಾರು ಗಾಡಿ ಹೊರಡಿಸಿಕೊಂಡು ಬಾಗಿಲಿಗೆ ಬಂದರು.

"ಏ ಹುಡುಗಿ, ಕೊಡು ಬೇಗ. ಗಾಡಿ ತಣ್ಣಗಾದ್ರೆ ಮತ್ತೆ ಎದ್ದೇಳಲ್ಲ, ಅದೂ ನನ್ನ ಹಾಗೇ."

ಎರಡು ದಿನ ಬಿಟ್ಟು ಬನ್ನಿ ಎಂದರು ಡೆಲಿಮಾ. ದಾರಿಯಲ್ಲಿ ಹೊಳೆಬಾಯಿಯ ಹತ್ತಿರ ಮಂಜುಗಡ್ಡೆ ಎರಡು ದಿನ ಕಾಯತ್ತೆ ಅಂತ ನೀನು ಮಾತು ಕೊಡ್ತೀಯಾ ಎಂದರು ಭಾವ. ಅವರನ್ನು ಮನೆಯೊಳಗೆ ಚಹಾಕ್ಕೆ ಕೂರಿಸಿ, ಕೊಟ್ಟಿಗೆಗೆ ಬಂದು, ಎರಡೂ ಅಲಗನ್ನು ಕೆಂಡಕ್ಕಿಟ್ಟರು. ಕೊಬ್ಬಿನ ಡಬ್ಬಿ ಕಲ್ಲಾಗಿತ್ತು. ಕರಗಿಸುತ್ತ ಕೂತರೆ ಹೊತ್ತಾಗುತ್ತದೆ. ಪಕ್ಕದಲ್ಲೇ ನೀರಿನ ಬಕೆಟ್ಟಿತ್ತು.

ಮೊದಲನೆಯದು ಸುಮ್ಮನೆ ಸುಯ್ಯೆಂದು ತಣಿಯಿತು. ಎರಡನೆಯದನ್ನು ಅದ್ದಿದಾಗ, ಟಿಣ್.

ಅಂದು ಬೆಳಗಿನಿಂದಲೂ ಸರೋವರ ಸದ್ದು ಮಾಡುತ್ತಲೇ ಇತ್ತು. ಇದೂ ಅದರದೇ ಎಂದುಕೊಂಡರು. ಕನ್ನಡಕ ಹಾಕಿಕೊಂಡು ಅಲಗನ್ನು ಕಿಟಕಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ಸಾಲುಸಾಲು ಗೀರಿನ ನಡುವೆ ಕೂದಲಂಥ ಇನ್ನೊಂದು ಗೀರು ಕಾಣುವುದಾದರೂ ಹೇಗೆ? ಎರಡನ್ನೂ ಹದಕ್ಕಾಗಿ ಅಡುಗೆಮನೆಯ ಒಲೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ಬರುವವರೆಗೆ ಇಟ್ಟು ತೆಗೆದಾಗ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬ ಗುರುತು ಉಳಿದಿರಲಿಲ್ಲ. ವಿತಾಲ್ ಒಂದನ್ನು ಎತ್ತಿಕೊಂಡರು. ಬೆನ್ನಿನ ಮೇಲೆ ಹೆಬ್ಬೆರಳಾಡಿಸಿ, "ಇದೇನೇ, ಪೇಟೆಯೋರಿಗೆ ಹಾಕೋ ಒಡವೇನ ನಂಗೂ ಹಾಕಿದೀಯ?" ಎಂದರು. ಹಿಡಿಯನ್ನು ಗುಡಿಸಲಲ್ಲೇ ಕೆತ್ತಿಕೊಳ್ಳುತ್ತೇನೆ, ಭಾನುವಾರ ಕೂತು ಪಾವುಗೆಯ ಚೌಕಟ್ಟು ಶುರು ಮಾಡುತ್ತೇನೆ ಎಂದರು. ಭಾನುವಾರ ಕೆಲಸ ಮಾಡಬಾರದಲ್ಲ ಎಂದರೆ, ಡೊಂಕುಚೂರಿ ಎಳೆಯುವುದು ಕೆಲಸವಲ್ಲ, ಜಪ ಎನ್ನುವುದು ಅವರ ಯಾವಾಗಿನ ಉತ್ತರ.

ಡೆಲಿಮಾ ಬಾಯಿ ತೆರೆದರು. ಹೊರಬಂದದ್ದು, ದಾರಿ ಹುಷಾರು ಭಾವ, ಎಂಬಷ್ಟೇ.

ವಿತಾಲ್‌ಗೆ ಇರುವುದು ಒಂದೇ ಕಣ್ಣು. ಇನ್ನೊಂದು ಹರೆಯದಲ್ಲೇ ನಾಯಿಬಂಡಿ ಓಡಿಸುವಾಗ ವಿಲೋ ಕಡ್ಡಿ ತಾಗಿ ಹೋಯಿತು. ಒಂದು ಕಣ್ಣಿನಲ್ಲಿ ದೂರ ಹತ್ತಿರ ಅಂದಾಜು ಸಿಗುವುದಿಲ್ಲವಾದ್ದರಿಂದ ಕೆತ್ತುವಾಗ ಅವರು ಮುಖವನ್ನು ಮರದ ಹತ್ತಿರಕ್ಕೆ ಬಗ್ಗಿಸುತ್ತಾರೆ, ಉಸಿರಿಗೆ ಹೊಟ್ಟು ಹಾರುವಷ್ಟು ಹತ್ತಿರಕ್ಕೆ. ಆ ಮುಖದ ಕಡೆಗೇ ಚೂರಿ ಎಳೆಯುತ್ತಾರೆ. ಗಂಟು ಸಿಕ್ಕರೆ ಜೋರಾಗಿ ಎಳೆಯುತ್ತಾರೆ. ಬಿರುಕಿದ್ದ ಅಲಗು ಗಂಟಿನಲ್ಲೇ ಮುರಿಯುವುದು.

ಬುಧವಾರದಿಂದ ಡೆಲಿಮಾ ಕಣ್ಣೆದುರು ಇದೊಂದೇ. ಹಿಮದ ಗಾಡಿಯ ಸದ್ದು ಕೇಳಿದರೆ ಕಿಟಕಿಗೆ ಓಡುತ್ತಾರೆ, ಹಿಂದಿನ ಬಂಡಿಯಲ್ಲಿ ಯಾರನ್ನಾದರೂ ಕಂಬಳಿ ಹೊದಿಸಿ ಮಲಗಿಸಿದ್ದಾರೋ ಎಂದು ನೋಡಲು. ಶಾಲೆಯ ನೆಲ ಒರೆಸುವಾಗ ಒರೆಸಿದ್ದನ್ನೇ ಒರೆಸುತ್ತಾರೆ. ಭಾವನ ಗುಡಿಸಲಿಗೆ ಹೋಗಿ ಹೇಳೋಣವೆಂದರೆ ಗಾಳಿಗೆ ಹೊಳೆಬಾಯಿಯ ಮಂಜುಗಡ್ಡೆ ಒಡೆದು ಮತ್ತೆ ಬಾಯಿ ಬಿಟ್ಟಿದೆ. ವಾರ ಕಳೆಯದೆ ಯಾರೂ ದಾಟುವ ಹಾಗಿಲ್ಲ. ಉಳಿದದ್ದು ರೇಡಿಯೋ. ಕಾಡಿನಲ್ಲಿರುವವರಿಗೆ ದಿನಾ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಸಂದೇಶ ಓದುತ್ತಾರೆ. ಮಗು ಹುಟ್ಟಿತು, ಅಮ್ಮನಿಗೆ ಹುಷಾರಿಲ್ಲ, ಬರುವಾಗ ಮೂಸ್ ತೊಗಲು ಮರೆಯಬೇಡ. ಅವರು ಕೇಳಿಸಿಕೊಳ್ಳಬಹುದು, ತಿರುಗಿ ಮಾತಾಡಲಾಗದು. ಭಾನುವಾರ ಪ್ರಾರ್ಥನೆ ಮಾತ್ರ, ಸಂದೇಶವಿಲ್ಲ.

ಇವತ್ತು ಶನಿವಾರ.

ಮೂರು ಬೆಳಗು ಫೋನ್ ಎತ್ತಿ ಇಟ್ಟಿದ್ದಾರೆ. ರೇಡಿಯೋದಲ್ಲಿ ಹೇಳಿದ್ದು ಭಾವನೊಬ್ಬರಿಗೆ ಕೇಳುವುದಿಲ್ಲ. ಸರೋವರದ ಸುತ್ತ ಇರುವ ಪ್ರತಿ ಅಡುಗೆಮನೆಯಲ್ಲೂ, ಪ್ರತಿ ಗುಡಿಸಲಲ್ಲೂ ಕೇಳುತ್ತದೆ. ಅಲ್ಲಿರುವ ಒಬ್ಬೊಬ್ಬರ ಸೊಂಟದಲ್ಲೂ ಡೆಲಿಮಾಳ ಚೂರಿಯಿದೆ. ನಾಳೆಯಿಂದ ಎಲ್ಲರೂ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನಲವತ್ತು ವರ್ಷದಲ್ಲಿ ಕಟ್ಟಿಕೊಂಡ ನಂಬಿಕೆ, ಒಂದು ಬೆಳಗಿಗೆ ಹೋಗುತ್ತದೆ. ಅದೂ, ಆ ಸದ್ದು ಸರೋವರದ್ದೇ ಆಗಿದ್ದರೆ?

ಹಾಗಾಗಿ ಇಂದು ಬೆಳಕು ಹರಿಯುವಾಗ, ಕಪ್ಪಾದ ಅರವನ್ನು ಬದಿಗೆ ಸರಿಸಿ, ನಾಲ್ಕು ದಿನದಿಂದ ಮುಟ್ಟಲು ಹೆದರಿದ ಕೆಲಸಕ್ಕೆ ಕೈ ಹಾಕುತ್ತಾರೆ. ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುವ, ಜೋಡಿಯಲ್ಲಿ ಉಳಿದ ಇನ್ನೊಂದು ಅಲಗನ್ನು ಇಳಿಸಿಕೊಳ್ಳುತ್ತಾರೆ. ಬಿರುಕು ಇದರಲ್ಲಿದ್ದರೆ ಭಾವನ ಕೈಯಲ್ಲಿರುವುದು ಗಟ್ಟಿ. ಬಿರುಕಿರಲಿ ಎಂದು ತಮ್ಮದೇ ಚೂರಿಗೆ ಹಾರೈಸುವುದು ಜೀವನದಲ್ಲಿ ಇದೇ ಮೊದಲು.

ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಲ್ಲಿ ಒಣಗುವಂತೆ ಒರೆಸಿ, ಮೇಲೆ ಗೋಧಿಹಿಟ್ಟು ಉದುರಿಸುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಹಿಟ್ಟಿನ ಮೇಲೆ ಕಪ್ಪು ಗೆರೆ ಎಳೆಯಬೇಕು. ಕಿಟಕಿಯ ಬಳಿ ಕೂತು ಕಾಯುತ್ತಾರೆ. ಸೌದೆ ಚಟಪಟ ಎನ್ನುತ್ತದೆ. ಸರೋವರ ಎರಡು ಸಲ ಕೂಗುತ್ತದೆ. ಹಿಟ್ಟು ಬೆಳ್ಳಗೇ ಇದೆ. ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ, ಮುಖ ತಿರುಗಿಸಿಕೊಂಡು, ಅಲಗನ್ನು ಮೈಭಾರ ಹಾಕಿ ಬಗ್ಗಿಸುತ್ತಾರೆ. ಬಾಗುತ್ತದೆ. ಬಿಟ್ಟ ಕೂಡಲೇ ಚಿಮ್ಮಿ ಮೊದಲಿನ ಆಕಾರಕ್ಕೇ ಬರುತ್ತದೆ. ಇದಕ್ಕಿಂತ ಒಳ್ಳೆಯ ಅಲಗನ್ನು ಆಕೆ ಈಚೆಗೆ ಮಾಡಿದ್ದಿಲ್ಲ.

ಅಲಗನ್ನು ಬದಿಗಿಟ್ಟು ಸೌದೆಯ ರಾಶಿಯ ಮೇಲೆ ಕೂರುತ್ತಾರೆ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ.

ರೇಡಿಯೋದ ಕೋಣೆ ಅಂಗಡಿಯ ಹಿಂದುಗಡೆ. ಅಲ್ಲಿಗೆ ದಂಡೆಯ ಮೇಲೇ ದಾರಿ. ಡೆಲಿಮಾ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ನಡೆಯುತ್ತಾರೆ. ಎದುರು ಸಿಕ್ಕವರಿಗೆ ತಲೆಯಾಡಿಸುತ್ತಾರೆ, ಯಾರೆಂದು ನೋಡುವುದಿಲ್ಲ. ಕಾಲ ಪಕ್ಕದಲ್ಲೇ ಮಂಜುಗಡ್ಡೆ ಬಿರಿದು, ಸದ್ದು ಆಚೆ ದಡದವರೆಗೆ ಓಡಿಹೋಗುತ್ತದೆ. ಡೆಲಿಮಾ ನಿಂತು ಕೇಳುತ್ತಾರೆ. ಇದು ದೊಡ್ಡ ಸದ್ದು. ಕಿವಿಗೆ ಬರುತ್ತದೆ, ಅಂಗಾಲಿಗೂ ಬರುತ್ತದೆ. ಕೈಗೆ ಬರುವುದಿಲ್ಲ.

ಬ್ಲಾಂಡಿನ್ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಚಹಾದ ಲೋಟದಲ್ಲಿ ಬಿಸ್ಕತ್ತು ಅದ್ದುತ್ತ ಕೂತಿದ್ದಾಳೆ. ಊರಿನವರೆಲ್ಲರ ಗುಟ್ಟು ಬಲ್ಲವಳು, ಬಾಯಿ ತುಸು ಜೋರು. ಬಾಗಿಲಲ್ಲಿ ಡೆಲಿಮಾಳನ್ನು ನೋಡಿದಾಗ ಅವಳ ಬಿಸ್ಕತ್ತು ಲೋಟದಲ್ಲೇ ಮುರಿದು ಬೀಳುತ್ತದೆ.

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ಅಂತ ನೋಡ್ಬೇಕು. ಬಾರೇ, ಬಲಗಡೆ ಕೂತ್ಕೋ, ಇಲ್ಲಾಂದ್ರೆ ನಾನು ಹೇಳಿದ್ದು ನಿಂಗೆ ಕೇಳಲ್ಲ."

ಡೆಲಿಮಾ ಕೂರುವುದಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಒಪ್ಪಿಸುತ್ತಾರೆ: ವಿತಾಲ್ ಭಾವನಿಗೆ ಒಂದು ಸಂದೇಶ ಓದಬೇಕು. ಈ ಸಲದ ಚೂರಿಗೆ ಇನ್ನೂ ಸ್ವಲ್ಪ ಕೆಲಸ ಬಾಕಿಯಿದೆ. ಬಳಸದೆ ಹಾಗೇ ಇಟ್ಟಿರಲಿ, ಬಂದಾಗ ಸರಿಮಾಡಿ ಕೊಡುತ್ತೇನೆ.

ಬ್ಲಾಂಡಿನ್ ಪೆನ್ನು ಎತ್ತಿದವಳು ಬರೆಯದೆ ನೋಡುತ್ತಾಳೆ.

"ಇದನ್ನ ಓದಿದ್ರೆ ಆ ಮುದುಕ ಏನ್ ಮಾಡ್ತಾನೆ ಹೇಳ್ಲಾ? ನಾಳೆವರೆಗೂ ಕಾಯಲ್ಲ. ಏನ್ ಬಾಕಿ ಇದೆ ನೋಡೋಣ ಅಂತ ಈಗ್ಲೇ ತೆಗೆದು ಗಂಟಿನ ಮೇಲೆ ಎಳೀತಾನೆ. ನಿನ್ನ ಭಾವನ್ನ ನೀನು ಕಂಡಿಲ್ವೇನೇ?"

ಕಂಡಿದ್ದಾರೆ. ಅಷ್ಟು ನಯವಾಗಿ ಹೇಳಿದರೆ ಅವರು ನಗುತ್ತಾರೆ, ನಗುತ್ತಲೇ ಮುಖ ಬಗ್ಗಿಸುತ್ತಾರೆ.

ಬ್ಲಾಂಡಿನ್ ಈಗ ತಮಾಷೆ ಬಿಟ್ಟಿದ್ದಾಳೆ. ಏನಾಗಿದೆ ಎಂದು ಮೆಲ್ಲಗೆ ಕೇಳುತ್ತಾಳೆ. ಗೋಡೆಯ ಗಡಿಯಾರ ನೋಡುತ್ತಾಳೆ. ಹೊತ್ತಾಗಿದೆ. ಮೈಕಿನಲ್ಲಿ ತನ್ನ ಎಂದಿನ ದನಿಯಲ್ಲಿ ಬೆಳಗಿನ ನಮಸ್ಕಾರ ಹೇಳಿ, ಚಳಿ ಎಷ್ಟು, ಗಾಳಿ ಎತ್ತ, ಹೊಳೆಬಾಯಿ ದಾಟಬೇಡಿ ಎಂದು ಹೇಳಿ, ಎರಡು ಮನೆಯ ಸಂದೇಶ ಓದುತ್ತಾಳೆ. ಒಬ್ಬರಿಗೆ ಮೊಮ್ಮಗಳು ಹುಟ್ಟಿದ್ದಾಳೆ. ಇನ್ನೊಬ್ಬರ ನಾಯಿ ಊರಿಗೆ ವಾಪಸು ಬಂದಿದೆ, ಹುಡುಕಬೇಡಿ. ಆಮೇಲೆ ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಡೆಲಿಮಾಳ ಕಡೆ ತಿರುಗಿಸುತ್ತಾಳೆ.

ಕೆಂಪು ದೀಪ ಉರಿಯುತ್ತಿದೆ. ಅದರಾಚೆ ಎಲ್ಲ ಅಡುಗೆಮನೆಗಳೂ ಇವೆ, ಎಲ್ಲ ಗುಡಿಸಲುಗಳೂ ಇವೆ. ಯಾವುದೋ ಒಂದರಲ್ಲಿ ಒಬ್ಬ ಮುದುಕ ಒಲೆಯ ಪಕ್ಕ ಕೂತು ರೇಡಿಯೋದ ದನಿ ಏರಿಸುತ್ತಿರಬಹುದು. ಅಥವಾ ಅದಾಗಲೇ ಮರದ ಮೇಲೆ ಬಗ್ಗಿರಬಹುದು. ಡೆಲಿಮಾ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಾರೆ. ಈ ಕೋಣೆಯಲ್ಲಿ ಆಕೆಯ ದನಿ ಯಾರೂ ಕೇಳಿದ್ದಿಲ್ಲ. ಮೈಕಿನ ಹತ್ತಿರಕ್ಕೆ ಬಗ್ಗುತ್ತಾರೆ.

"ವಿತಾಲ್ ಭಾವ, ನಾನು ಡೆಲಿಮಾ. ಆ ಚೂರಿ ಮುಟ್ಬೇಡಿ. ಅದು ಬಿರಿದಿದೆ."

ನಿಲ್ಲುತ್ತಾರೆ. ಬ್ಲಾಂಡಿನ್ ಮೈಕ್ ಆರಿಸಲು ಕೈ ಮುಂದೆ ತರುತ್ತಾಳೆ. ಡೆಲಿಮಾ ಬೇಡವೆಂದು ತಲೆಯಾಡಿಸುತ್ತಾರೆ. ಮಣಿಕಟ್ಟನ್ನು ಮುಚ್ಚಿದ್ದ ಕೋಟಿನ ತೋಳನ್ನು ಮೇಲಕ್ಕೆ ಸರಿಸುತ್ತಾರೆ, ಅಷ್ಟು ದೂರದಲ್ಲಿರುವವರಿಗೆ ಅದು ಕಾಣುತ್ತದೋ ಎಂಬಂತೆ.

"ನೀವು ಒಳಗೆ ಚಹಾ ಕುಡೀತಿದ್ರಿ. ಸದ್ದು ಬಂತು. ಕೆರೆ ಮಂಜುಗಡ್ಡೇದು ಅಂತ ನಾಲ್ಕು ದಿನದಿಂದ ಹೇಳ್ಕೋತಿದೀನಿ ಭಾವ. ಕೆರೇದಲ್ಲ. ನನ್ನ ಕೈಗೆ ಗೊತ್ತಾಗಿತ್ತು."